ತಾಳಿ ಕಟ್ಟಿದ ಮೇಲೆ ಶುರುವಾಗುವ ಒಲವು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳ ಹಾಡುಗಳಲ್ಲಿ ಪ್ರಣಯದ ಕಥೆ ಶುರುವಾಗುವುದೇ ತಾಳಿ ಕಟ್ಟಿದ ಮೇಲೆ. ಗಂಡು ನೋಡಿ ಒಪ್ಪುವವರು ಅಪ್ಪ, ಅಣ್ಣ, ಸೋದರಮಾವ. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವವರು ಊರ ಹಿರಿಯರು. ಹುಡುಗಿಯ ಪಾಲಿಗೆ ಬರುವುದು ಆಮೇಲಿನ ಕೆಲಸ. ಹಲವು ಸಲ ಗುರುತು ಪರಿಚಯ ಅಷ್ಟಕ್ಕಷ್ಟೇ ಇರುವ ಒಬ್ಬ ಗಂಡಸನ್ನು ಚುರುಕು ಮಾತಿನಿಂದ, ಮುನಿಸಿನಿಂದ, ನಗೆಯಿಂದ ತನ್ನವನನ್ನಾಗಿ ಮಾಡಿಕೊಳ್ಳಬೇಕು. ಹಾಗೆ ಮಾಡುತ್ತ ತಾನು ಯಾರಿಗೂ ಕಡಿಮೆಯಲ್ಲ ಎಂಬುದನ್ನೂ ತಿಳಿಸಬೇಕು. ಈ ಕೆಲಸವನ್ನು ಇಲ್ಲಿನ ಹೆಣ್ಣುಮಕ್ಕಳು ಬೀಸುಕಲ್ಲಿನ ಹಾಡು, ಬೀಗರ ಹಾಡು, ಒಡಪುಗಳಲ್ಲಿ ಮಾಡಿಕೊಂಡು ಬಂದಿದ್ದಾರೆ. ಇದೇ ಸೀಮೆಯ ಬಯಲಾಟದ ರಂಗ ಮತ್ತು ಗೀಗೀ ಮೇಳಗಳು ಅದೇ ಮಾತನ್ನು ಊರ ನಡುವೆ ತಂದು ನಿಲ್ಲಿಸಿವೆ. ಒಟ್ಟಾರೆ ನೋಡಿದರೆ ಇದು ಹೆಣ್ಣಿನ ಸ್ವಾಭಿಮಾನವನ್ನೂ ಒಲವಿನ ಸರಸವನ್ನೂ ಒಂದೇ ಉಸಿರಿನಲ್ಲಿ ಹೇಳುವ ದೊಡ್ಡ ಸಾಹಿತ್ಯ.

ಜಗತ್ತಿನ ಓದುಗರಿಗೆ ಇಂಥ ಸಾಹಿತ್ಯದ ಹೆಚ್ಚು ಪರಿಚಿತ ರೂಪವೆಂದರೆ ಇಂಗ್ಲೆಂಡಿನ ರೀಜೆನ್ಸಿ ಪ್ರಣಯಕಥೆ. ಮೂರನೆಯ ಜಾರ್ಜ್ ದೊರೆ ಕಾಯಿಲೆಯಿಂದ ರಾಜ್ಯಭಾರ ಮಾಡಲಾಗದೆ ಹೋದಾಗ ಅವನ ಮಗ 1811ರಿಂದ 1820ರವರೆಗೆ ರೀಜೆಂಟನಾಗಿ ಆಳಿದ. ಆ ಒಂಬತ್ತು ವರ್ಷಗಳ ಕುಲೀನ ಸಮಾಜದ ನೃತ್ಯಕೂಟ, ಗಾಡಿ ಸವಾರಿ, ವರಾನ್ವೇಷಣೆಗಳೇ ಈ ಕಥೆಗಳ ಆವರಣ. ಆ ಕಾಲದಲ್ಲೇ ಬದುಕಿ ಬರೆದ ಜೇನ್ ಆಸ್ಟಿನ್ 1811ರಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿದಾಗ ಅದರ ಮೇಲೆ ಹೆಸರಿರಲಿಲ್ಲ. 'ಒಬ್ಬ ಮಹಿಳೆ' ಬರೆದದ್ದು ಎಂದಷ್ಟೇ ಇತ್ತು. 1813ರಲ್ಲಿ ಬಂದ 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಎಲಿಜಬೆತ್ ತನ್ನದೆಂಬ ಹೆಚ್ಚಿನ ಆಸ್ತಿಪಾಸ್ತಿ ಇಲ್ಲದ ಹುಡುಗಿ. ಆದರೂ ಅವಳು ತನ್ನನ್ನು ಕೇಳಿಬಂದ ಪಾದ್ರಿಯನ್ನೂ, ಮೊದಲ ಸಲ ಕೇಳಿದ ಶ್ರೀಮಂತ ಡಾರ್ಸಿಯನ್ನೂ ಒಲ್ಲೆ ಎನ್ನುತ್ತಾಳೆ. ಇಪ್ಪತ್ತನೆಯ ಶತಮಾನದಲ್ಲಿ ಜಾರ್ಜೆಟ್ ಹೇಯರ್ ಎಂಬ ಲೇಖಕಿ ಅದೇ ಆವರಣವನ್ನು ಹಿಡಿದು ಹಗುರ ಹಾಸ್ಯದ ಕಾದಂಬರಿಗಳ ಸಾಲನ್ನೇ ಬರೆದರು; ಅವುಗಳಲ್ಲಿ 'ರೀಜೆನ್ಸಿ ಬಕ್' ಬಂದದ್ದು 1935ರಲ್ಲಿ. ಈಚೆಗೆ ಮೊಬೈಲ್ ತೆರೆಯ ಮೇಲೆ 'ಬ್ರಿಜರ್ಟನ್' ನೋಡಿದವರಿಗೂ ಈ ಲೋಕ ಗೊತ್ತು. ಈ ಕಥೆಗಳಲ್ಲಿ ಹೆಣ್ಣಿನ ಬಲವೆಲ್ಲ ಮದುವೆಗೆ ಮುಂಚೆ ಅವಳು ಹೇಳಬಹುದಾದ 'ಒಲ್ಲೆ' ಎಂಬ ಮಾತಿನಲ್ಲಿದೆ. ಅವಳು 'ಹೂಂ' ಎಂದ ಕೂಡಲೇ ಪುಸ್ತಕ ಮುಗಿಯುತ್ತದೆ.

ಇಂಗ್ಲೆಂಡಿನಲ್ಲಿ ರೀಜೆಂಟನ ಆಳ್ವಿಕೆ ನಡೆದಿದ್ದಾಗ ಭೀಮೆ ಮತ್ತು ಕೃಷ್ಣೆಯ ನಡುವಿನ ಈ ಸೀಮೆ ಪೇಶ್ವೆಗಳ ಕೈಯಲ್ಲಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಬ್ರಿಟಿಷರ ಹಿಡಿತ ಬಂತು. ಆ ಹೊತ್ತಿನಲ್ಲಿ ಇಂಡಿಯ ಒಬ್ಬ ಹುಡುಗಿ ತನ್ನ ಗಂಡನ ಬಗ್ಗೆ ಏನೆಂದುಕೊಂಡಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಆದರೆ ಅವಳು ಹಾಡಿದ್ದನ್ನು ಮಗಳು ಕಲಿತಳು, ಮಗಳಿಂದ ಮೊಮ್ಮಗಳು ಕಲಿತಳು. ಹೀಗೆ ಬಾಯಿಂದ ಬಾಯಿಗೆ ಬಂದದ್ದು ಕಾಗದಕ್ಕಿಳಿಯಲು ಇನ್ನೂ ನೂರು ವರ್ಷಕ್ಕೂ ಮೇಲೆ ಬೇಕಾಯಿತು.

ಅದನ್ನು ಕಾಗದಕ್ಕಿಳಿಸಿದವರು ಹಲಸಂಗಿಯ ಗೆಳೆಯರು. ಹಲಸಂಗಿ ಆಗ ಇಂಡಿ ತಾಲೂಕಿನ ಒಂದು ಹಳ್ಳಿ, ಈಗ ಹೊಸ ಚಡಚಣ ತಾಲೂಕಿಗೆ ಸೇರಿದೆ. ಅಲ್ಲಿ ಮಧುರಚೆನ್ನರ (1903–1953) ಸುತ್ತ ಒಂದು ಗೆಳೆಯರ ಬಳಗ ಕೂಡಿತು. ಚಡಚಣದ ಸಿಂಪಿ ಲಿಂಗಣ್ಣ (1905–1993), ಧೂಲಾಸಾಹೇಬ, ಕಾಪಸೆ ರೇವಪ್ಪ ಅದರಲ್ಲಿದ್ದ ಪ್ರಮುಖರು. ವಿಶ್ವವಿದ್ಯಾಲಯದ ನೆರವಿಲ್ಲದೆ, ಧ್ವನಿಮುದ್ರಣದ ಯಂತ್ರವಿಲ್ಲದೆ, ಸುತ್ತಲ ಊರುಗಳ ಬಾಯಿಮಾತಿನ ಕಾವ್ಯವನ್ನು ಅವರು ಕೂಡಿಹಾಕಿದರು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ ಸಂಗ್ರಹ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಹೊರಬಂದವು. ಇಂಗ್ಲೆಂಡಿನಲ್ಲಿ ಹೇಯರ್ ರೀಜೆನ್ಸಿ ಕಾಲದ ನಾಯಕಿಯರನ್ನು ಕಲ್ಪಿಸಿಕೊಂಡು ಬರೆಯುತ್ತಿದ್ದ ವರ್ಷವೇ ಹಲಸಂಗಿಯವರು ತಮ್ಮ ನೆರೆಹೊರೆಯ ನಿಜವಾದ ಹೆಣ್ಣುಮಕ್ಕಳ ಮಾತನ್ನು ಅಚ್ಚಿಗೆ ಕೊಟ್ಟರು. ಈ ಪುಸ್ತಕಗಳು ಕನ್ನಡದ ನವೋದಯ ಕವಿಗಳ ಕಿವಿಯನ್ನೇ ತಿದ್ದಿದವು. ಮಧುರಚೆನ್ನರ 'ನನ್ನ ನಲ್ಲ' ದೇವರನ್ನು ಇನಿಯನೆಂದು ಕರೆಯುವ ಕಾವ್ಯ. ಆ ಒಲವಿನ ನುಡಿಯ ಬೆನ್ನಿಗೆ ಊರ ಹೆಣ್ಣುಮಕ್ಕಳ ದನಿ ಇದೆ. ಆ ದನಿಗಳಿಗೆ ಮಾತ್ರ ಹೆಸರಿಲ್ಲ. ಆಸ್ಟಿನ್‌ಳ ಹೆಸರು ಅವಳು ಸತ್ತ ಮೇಲಾದರೂ ಪುಸ್ತಕದ ಮೇಲೆ ಬಂತು. ಇಲ್ಲಿನ ಕವಯಿತ್ರಿಯರಿಗೆ ಆ ಯೋಗವೂ ಬರಲಿಲ್ಲ, ಕನ್ನಡಕ್ಕೆ ಇದು ನಿಜವಾದ ನಷ್ಟ.

ಈ ಹಾಡುಗಳ ಛಂದಸ್ಸು ತ್ರಿಪದಿ. ಮೂರೇ ಸಾಲು, ಒಟ್ಟು ಹನ್ನೊಂದು ಗಣ. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ಮಟ್ಟು ಕಲ್ಲಿನ ಮೇಲಿದೆ. ಹಾಡುವಾಗ ಎರಡನೆಯ ಸಾಲಿನ ಕೊನೆಯ ಭಾಗವನ್ನು ಮತ್ತೊಮ್ಮೆ ಹಿಡಿದು ಮೂರನೆಯದಕ್ಕೆ ಇಳಿಯುತ್ತಾರೆ. ಕೇಳುವವರು ಆ ಮರುಕಳಿಕೆಯಲ್ಲಿ ಒಂದು ಕ್ಷಣ ಕಾಯುತ್ತಾರೆ, ಮೂರನೆಯ ಸಾಲು ಬಂದು ಚುಚ್ಚುತ್ತದೆ ಅಥವಾ ನಗಿಸುತ್ತದೆ. ಚೇಷ್ಟೆಯ ಮಾತಿಗೆ ಇಷ್ಟು ಒಪ್ಪುವ ಛಂದಸ್ಸು ಬೇರೊಂದಿಲ್ಲ. ಬೀಸುಕಲ್ಲಿನ ಕಾಲದಲ್ಲಿ ಬೀಸುವವರು ಸಾಮಾನ್ಯವಾಗಿ ಇಬ್ಬರು, ಕಲ್ಲಿನ ಎರಡು ಮಗ್ಗುಲಿಗೆ ಎದುರುಬದುರು ಕೂತು ಒಂದೇ ಗೂಟ ಹಿಡಿದವರು: ಅತ್ತೆ-ಸೊಸೆ, ನೆಗೆಣ್ಣಿಯರು, ಅತ್ತಿಗೆ-ನಾದಿನಿ. ಹೊತ್ತು ನಸುಕು. ಗಂಡಸರು ಇನ್ನೂ ಮಲಗಿರುತ್ತಿದ್ದರು, ಇಲ್ಲವೇ ಮಲಗಿದಂತೆ ಇರುತ್ತಿದ್ದರು. ಅತ್ತೆಯ ಮುಂದೆ ನೇರವಾಗಿ ಆಡಲಾಗದ ಮಾತನ್ನು ಸೊಸೆ ಹಾಡಿನಲ್ಲಿ ಆಡಬಹುದಿತ್ತು, ಗಂಡನಿಗೆ ಹೇಳಬೇಕಾದದ್ದನ್ನು ಗೋಡೆಯಾಚೆ ಕೇಳುವಂತೆ ಹಾಡಬಹುದಿತ್ತು. ಹಾಡಿಗೆ ಉತ್ತರ ಕೊಡಬೇಕಾದರೆ ಹಾಡಿನಲ್ಲೇ ಕೊಡಬೇಕಿತ್ತು, ಬೈಗುಳದಲ್ಲಿ ಕೊಟ್ಟರೆ ಕೊಟ್ಟವರೇ ಸಣ್ಣವರಾಗುತ್ತಿದ್ದರು. ಹೀಗೆ ಜೋಳದ ಹಿಟ್ಟಿನ ಜೊತೆಗೆ ಮನೆಯ ಮಾತೂ ದಿನಾ ಬೀಸಲ್ಪಟ್ಟು ನುಣುಪಾಗುತ್ತಿತ್ತು.

ಮದುವೆಗೆ ಮುಂಚಿನ ವಯಸ್ಸಿಗೆ ಹಾಡಿಲ್ಲವೆಂದಲ್ಲ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ ಹಚ್ಚಿ ಕೂಡಿಸುತ್ತಾರೆ. ಶ್ರಾವಣದ ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೋಕಾಲಿ ಮೇಲಕ್ಕೇರಿದಾಗ ಹಾಡಿನಲ್ಲಿ ಯಾರದೋ ಹೆಸರು ಸುಳಿಯುವುದೂ, ಕೆಳಗಿದ್ದ ಗೆಳತಿಯರು ಕೇಕೆ ಹಾಕುವುದೂ ಹಳ್ಳಿಯ ಎಲ್ಲರಿಗೂ ಗೊತ್ತಿರುವ ಆಟ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಸಂಭ್ರಮ. ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆಯ ಪಾಕ ಹೊಯ್ದು ಆನೆ, ಗಿಳಿ, ತೇರು, ಬಸವಣ್ಣನ ಗೊಂಬೆ ಮಾಡಿ, ಅವನ್ನು ತಟ್ಟೆಯಲ್ಲಿಟ್ಟು ಹುಡುಗಿಯರು ಸಂಜೆ ಗೌರಿಗೆ ಬೆಳಗಲು ಹೋಗುತ್ತಾರೆ. ನಿಶ್ಚಯವಾದ ಹುಡುಗಿಗೆ ಆ ವರ್ಷ ಗಂಡಿನ ಮನೆಯವರೇ ಸೀರೆ, ಸಕ್ಕರೆ ಆರತಿ ತರುವ ರೂಢಿ. ಹುಡುಗ ತಾನು ಬರುವಂತಿಲ್ಲದಿದ್ದರೂ ಅವನ ಮನೆಯ ಸೀರೆ ಉಟ್ಟು ಅವಳು ಓಣಿಯಲ್ಲಿ ನಡೆಯುವುದನ್ನು ಊರೇ ನೋಡುತ್ತದೆ. ಲಂಡನ್ನಿನ ನೃತ್ಯಶಾಲೆಯಲ್ಲಿ ನಡೆಯುತ್ತಿದ್ದ ಪ್ರದರ್ಶನ ಇಲ್ಲಿ ಗೌರಿಯ ಗುಡಿಯ ದಾರಿಯಲ್ಲಿ ನಡೆಯುತ್ತದೆ.

ಎಷ್ಟೋ ಮನೆಗಳಲ್ಲಿ ಗಂಡು ಹೆಣ್ಣು ಮೊದಲಿಂದಲೂ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಅತ್ತೆಯ ಮಗ, ಮಾವನ ಮಗಳು, ಅಕ್ಕನ ಮಗಳು ಎಂಬ ಸೋದರ ಸಂಬಂಧಗಳು ಉತ್ತರ ಕರ್ನಾಟಕದಲ್ಲಿ ಬಹಳ ಸಾಮಾನ್ಯ. ಈ ಸಂಬಂಧದವರು ಚಿಕ್ಕಂದಿನಿಂದಲೇ ಒಬ್ಬರನ್ನೊಬ್ಬರು ಕಿಚಾಯಿಸಬಹುದು, ಹಿರಿಯರು ಅದಕ್ಕೆ ಬೈಯುವುದಿಲ್ಲ, ಬದಲಿಗೆ ಉಪ್ಪು ಹಾಕುತ್ತಾರೆ. ಸಂಬಂಧದಲ್ಲಿ ಹುಡುಗಿಗೆ ಒಂದು ಅನುಕೂಲವೂ ಇತ್ತು: ಗೊತ್ತಿದ್ದ ಮನೆ, ಗೊತ್ತಿದ್ದ ಅತ್ತೆ, ಜಗಳವಾಡಿದರೆ ನಡುವೆ ನಿಲ್ಲುವ ಅಜ್ಜಿ. ಹತ್ತಿರದ ರಕ್ತಸಂಬಂಧದ ಮದುವೆಯಿಂದ ಮಕ್ಕಳ ಆರೋಗ್ಯಕ್ಕೆ ಆಗುವ ತೊಂದರೆಯ ಅರಿವು ಹರಡಿದಂತೆ ಈ ರೂಢಿ ಈಗ ಸಡಿಲವಾಗುತ್ತಿದೆ, ಅದು ಒಳ್ಳೆಯದೇ.

ಮದುವೆಯ ದಿನ ಹೆಣ್ಣುಮಕ್ಕಳ ಮಾತಿಗೆ ಪೂರಾ ಸ್ವಾತಂತ್ರ್ಯ. ಅರಿಶಿನ ಹಚ್ಚುವಾಗ, ಸುರಗಿ ಸುತ್ತಿ ನೀರು ಹಾಕುವಾಗ, ಊಟದ ಪಂಕ್ತಿಯಲ್ಲಿ ಎರಡೂ ಕಡೆಯ ಹೆಂಗಸರು ಬೀಗರ ಹಾಡು ಹಾಡುತ್ತಾರೆ. ಬೀಗಿತ್ತಿಯ ಹೊಟ್ಟೆಬಾಕತನ, ಬೀಗನ ಜಿಪುಣತನ, ಮದುಮಗನ ಮೀಸೆ, ತಂದ ಸೀರೆಯ ಬಣ್ಣ, ಎಲ್ಲವೂ ಹಾಡಿಗೆ ಸರಕು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮುಂದೆ ತಲೆ ಬಗ್ಗಿಸಿ ನಿಲ್ಲಬೇಕು ಎಂಬ ಲೋಕದ ನಿಯಮ ಆ ಹಾಡು ನಡೆಯುವಷ್ಟು ಹೊತ್ತು ರದ್ದಾಗುತ್ತದೆ. ಸಿಟ್ಟಿಗೆದ್ದವನು ಸೋತ ಹಾಗೆ. ಹಾಡಿಗೆ ಹಾಡು ಕಟ್ಟಿ ತಿರುಗಿ ಎಸೆಯಬಲ್ಲವಳಿಗೆ ಎರಡೂ ಕಡೆಯವರು ಶಹಬ್ಬಾಸ್ ಅನ್ನುತ್ತಾರೆ. ಆಸ್ಟಿನ್‌ಳ ಎಲಿಜಬೆತ್ ಡಾರ್ಸಿಯ ದೊಡ್ಡಸ್ತಿಕೆಯನ್ನು ಗೇಲಿ ಮಾಡಿದಾಗ ಓದುಗರಿಗೆ ಆಗುವ ಸಂತೋಷ ಇದೇ ಬಗೆಯದು. ಇಲ್ಲಿ ಮಾತ್ರ ಆ ಗೇಲಿ ಒಬ್ಬಳದಲ್ಲ, ಓಣಿಯ ಹೆಂಗಸರೆಲ್ಲರದು.

ಮದುವೆಯ ಮಾತಿನಾಟಗಳಲ್ಲೆಲ್ಲ ಅತ್ಯಂತ ಸೊಗಸಿನದು ಒಡಪು. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಹಳೆಯ ಕಟ್ಟು. ಅದೇ ಕಟ್ಟಿನಿಂದ ಅದನ್ನು ಹೇಳಿಸುವ ಆಟ ಹುಟ್ಟಿತು. ಮದುಮಕ್ಕಳು ಮನೆ ತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. 'ಹೆಸರ ಹೇಳು, ಒಳಗ ಬಾ' ಅನ್ನುತ್ತಾರೆ. ಹೆಸರನ್ನು ಬರಿದೇ ಹೇಳಿದರೆ ಆಗದು, ಪ್ರಾಸ ಕೂಡಿಸಿ ಪದ್ಯದೊಳಗೆ ಇಟ್ಟು ಹೇಳಬೇಕು. ಮೊದಲ ಸಾಲಿನಲ್ಲಿ ಹೊಲ, ಹೂವು, ಊರು, ದೇವರು, ಅಡುಗೆ, ಯಾವುದಾದರೂ ಬರಬಹುದು; ಎರಡನೆಯ ಸಾಲಿನಲ್ಲಿ ಗಂಡನ ಹೆಸರು ಬಂದು ಕೂಡಬೇಕು. ಈ ಮಾದರಿಯನ್ನು ತೋರಿಸಲು ಇಲ್ಲಿಗೆಂದೇ ಒಂದನ್ನು ಕಟ್ಟುವುದಾದರೆ:

ಇಂಡಿಯ ಲಿಂಬೀಹಣ್ಣು ಹುಳಿಯಾದ್ರೂ ರುಚಿ,
ಬಸಪ್ಪನವರ ಸಿಟ್ಟಿನ್ಯಾಗೂ ನನ್ನ ಮ್ಯಾಲ ಖುಷಿ.

ಎರಡೇ ಸಾಲಿನಲ್ಲಿ ಹೆಸರು ಬಂತು, ಮರ್ಯಾದೆಯೂ ಉಳಿಯಿತು, ಗಂಡನಿಗೆ ಸಿಟ್ಟು ಜಾಸ್ತಿ ಎಂಬ ದೂರೂ ಸಭೆಗೆ ಮುಟ್ಟಿತು, ಆ ಸಿಟ್ಟು ತನಗೆ ಲೆಕ್ಕಕ್ಕಿಲ್ಲ ಎಂಬ ಗತ್ತೂ ಬಂತು. ಒಡಪಿನ ಕೆಲಸ ಇದೇ. ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವ ಭೂಮದ ಊಟದಲ್ಲಿ, ಬಸುರಿಗೆ ಕುಬಸ ಮಾಡುವಾಗ, ತೊಟ್ಟಿಲಿಗೆ ಹಾಕುವಾಗ, ಅರಿಶಿನ-ಕುಂಕುಮದ ಕೂಟದಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಹೊಸ ಮದುಮಗಳು ನಾಚಿ ತಡವರಿಸಿ ಎರಡು ಸಾಲು ಹೇಳುತ್ತಾಳೆ. ಮೊಮ್ಮಕ್ಕಳನ್ನು ಕಂಡ ಮುದುಕಿ ಎದ್ದು ನಿಂತರೆ ಸಾಲಿಗೆ ಸಾಲು ಸೇರಿ ಉದ್ದದ ಒಡಪೇ ಬರುತ್ತದೆ. ಅದರಲ್ಲಿ ಗಂಡ ಬಿದ್ದದ್ದು, ಎದ್ದದ್ದು, ಸಂತೆಯಿಂದ ತಂದದ್ದು, ತರಲು ಮರೆತದ್ದು ಎಲ್ಲ ಇರುತ್ತದೆ. ಗಂಡಸರಿಂದಲೂ ಹೆಂಡತಿಯ ಹೆಸರು ಹೇಳಿಸುತ್ತಾರೆ, ಅವರು ಸಾಮಾನ್ಯವಾಗಿ ಸೋಲುತ್ತಾರೆ. ಭೀಮೆಯ ಆಚೆ ಸೊಲ್ಲಾಪುರದ ಮರಾಠಿ ಮನೆಗಳಲ್ಲಿ ಇದೇ ಆಟಕ್ಕೆ ಉಖಾಣೆ ಎನ್ನುತ್ತಾರೆ. ಗಡಿಯ ಎರಡೂ ಭಾಷೆ ಬಲ್ಲ ಹೆಣ್ಣುಮಕ್ಕಳು ಒಂದರ ಪ್ರಾಸವನ್ನು ಇನ್ನೊಂದಕ್ಕೆ ಸಾಗಿಸುವುದೂ ಉಂಟು.

ಇನ್ನು ಮದುವೆಯಾದ ಮೇಲಿನ ಓಲೈಕೆ. 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಾರದಾ ಕಾಯಿದೆ ಹುಡುಗಿಯರಿಗೆ 14, ಹುಡುಗರಿಗೆ 18 ವರ್ಷಗಳ ಕನಿಷ್ಠ ವಯಸ್ಸನ್ನು ಗೊತ್ತುಮಾಡಿತು. ಹಲಸಂಗಿಯವರು ಹಾಡು ಕೂಡಿಸುತ್ತಿದ್ದ ಹೊತ್ತಿಗೆ ಅದಕ್ಕಿಂತ ಚಿಕ್ಕವರಿರುವಾಗಲೇ ಮದುವೆಯಾದ ಅಜ್ಜಿಯರೇ ಮನೆತುಂಬ ಇದ್ದರು. ಆಗೆಲ್ಲ ಹುಡುಗಿ ಮದುವೆಯಾಗಿ ತವರಲ್ಲೇ ಕೆಲಕಾಲ ಇದ್ದು, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗುತ್ತಿದ್ದಳು. ಆ ನಡುವಿನ ಕಾಲದಲ್ಲಿ ಹಬ್ಬಕ್ಕೆ ಬಂದ ಅಳಿಯ, ಬಾಗಿಲ ಮರೆಯಲ್ಲಿ ನಿಂತ ಹುಡುಗಿ, ತಂಬಿಗೆಯ ನೀರು, ಎಲೆ-ಅಡಿಕೆ, ಇವೇ ಪ್ರಣಯದ ಸಾಮಗ್ರಿ. ಮನೆ ಸೇರಿದ ಮೇಲೂ ಕೂಡುಕುಟುಂಬದ ನಡುವೆ ಗಂಡ-ಹೆಂಡತಿ ಹಗಲಲ್ಲಿ ಮಾತಾಡುವುದು ಕಷ್ಟವಿತ್ತು. ಹೀಗಾಗಿ ಹಾಡುಗಳಲ್ಲಿ ಸನ್ನೆಯೇ ಹೆಚ್ಚು. ಹೊಲಕ್ಕೆ ಬುತ್ತಿ ಒಯ್ಯುವ ದಾರಿ, ಮುಡಿಗೆ ತಂದ ಹೂ, ಸಂತೆಯಿಂದ ತಂದ ಕುಬಸದ ಕಣ, ಬಾವಿಯ ದಂಡೆ ಇವೆಲ್ಲ ಪ್ರೇಮಪತ್ರದ ಕೆಲಸ ಮಾಡುತ್ತವೆ.

ಈ ಓಲೈಕೆಯಲ್ಲಿ ಹೆಣ್ಣಿನ ದೊಡ್ಡ ಅಸ್ತ್ರ ಮುನಿಸು. ಗಂಡ ತಪ್ಪಿ ನಡೆದರೆ ಅವಳು ಮಾತು ಬಿಡುತ್ತಾಳೆ. ಇನ್ನೂ ಮೀರಿದರೆ ತವರಿಗೆ ಹೊರಡುತ್ತಾಳೆ. ಅಲ್ಲಿ ಅಣ್ಣ ಇದ್ದಾನೆ, ತಾಯಿ ಇದ್ದಾಳೆ. ಕರೆಯಲು ಬಂದವನು ಹೊರಗಟ್ಟೆಯ ಮೇಲೆ ಕೂತು ಕಾಯಬೇಕು. ರೀಜೆನ್ಸಿ ನಾಯಕಿಗೆ ಮದುವೆಗೆ ಮುಂಚೆ ಇದ್ದ 'ಒಲ್ಲೆ' ಎಂಬ ಮಾತು ಇಲ್ಲಿ ಮದುವೆಯ ನಂತರ ತವರಿನ ಹೊಸ್ತಿಲಲ್ಲಿ ಕೇಳಿಸುತ್ತದೆ. ತವರಿನ ಹೊಗಳಿಕೆ ಈ ಹಾಡುಗಳಲ್ಲಿ ಅಷ್ಟೊಂದು ಬರುವುದಕ್ಕೆ ಕರುಳಿನ ಸೆಳೆತ ಒಂದು ಕಾರಣವಾದರೆ, ಬೆನ್ನಿಗೆ ಒಂದು ಮನೆ ಇದೆ ಎಂದು ಗಂಡನ ಮನೆಗೆ ನೆನಪಿಸುವುದು ಇನ್ನೊಂದು. ತವರಿಲ್ಲದವಳ ಹಾಡಿನಲ್ಲಿ ಸರಸ ಕಡಿಮೆ, ಕಣ್ಣೀರು ಹೆಚ್ಚು. ಸವತಿಯ ಸಂಕಟ, ಬಂಜೆಯೆಂಬ ಹೀಯಾಳಿಕೆ, ಮಳೆ ಹೋಗಿ ಗಂಡ ಗುಳೇ ಹೊರಟ ವರ್ಷದ ಒಂಟಿತನ ಇವೆಲ್ಲ ನಗೆಯ ಹಾಡುಗಳ ಪಕ್ಕದಲ್ಲೇ ಇವೆ. ನಗೆಯ ಬೆಲೆ ತಿಳಿಯಬೇಕಾದರೆ ಅವನ್ನೂ ಓದಬೇಕು.

ಹೆಣ್ಣಿನ ಮುನಿಸನ್ನೇ ಇಡೀ ರಾತ್ರಿಯ ಆಟವನ್ನಾಗಿ ಮಾಡಿದ್ದು 'ಶ್ರೀಕೃಷ್ಣ ಪಾರಿಜಾತ'. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ ಈ ಸಣ್ಣಾಟ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಜಾತ್ರೆಗಳ ಜೀವ. ಕಥೆ ಚಿಕ್ಕದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಕೃಷ್ಣ ಅವಳನ್ನು ಒಲಿಸಿಕೊಳ್ಳಬೇಕು. ಜಗತ್ತನ್ನೇ ಆಡಿಸುವ ದೇವರು ತನ್ನ ಹೆಂಡತಿಯ ಮುಂದೆ ಮಾತು ಸೋತು ನಿಲ್ಲುವುದನ್ನು ನೋಡಲು ಜನ ಬೆಳತನಕ ಕೂಡುತ್ತಾರೆ. ಭಾಮೆಯ ಜೊತೆಗಿರುವ ದೂತಿ ಊರ ಆಡುಮಾತಿನಲ್ಲಿ ಒಡತಿಯನ್ನೂ ಕೃಷ್ಣನನ್ನೂ ಕೆಣಕುತ್ತ ನಗೆ ಎಬ್ಬಿಸುತ್ತಾಳೆ. ಇಲ್ಲಿಯೂ ನಾಯಕ-ನಾಯಕಿ ಮದುವೆಯಾದವರೇ, ಓಲೈಕೆ ನಡೆಯುವುದು ಗಂಡ-ಹೆಂಡತಿಯ ನಡುವೆಯೇ. ಈ ಆಟಕ್ಕೆ ಹೆಸರು ತಂದವರಲ್ಲಿ ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮ ದೊಡ್ಡವರು. ಹೆಣ್ಣುಪಾತ್ರಗಳನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಅವರು ತಮ್ಮದೇ ಮೇಳ ಕಟ್ಟಿಕೊಂಡು ಊರೂರು ತಿರುಗಿದರು. ಭಾಮೆಯ ಗತ್ತಿಗೆ ಹೆಣ್ಣಿನದೇ ದನಿ ಸಿಕ್ಕಿದ್ದು ಈ ರಂಗದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಮನೆಯೊಳಗಿನ ಈ ವಾದವನ್ನು ಬಯಲಿಗೆ ತಂದು ಪಂದ್ಯವನ್ನಾಗಿ ಮಾಡಿದವರು ಹರದೇಶಿ-ನಾಗೇಶಿ ಮೇಳಗಳು. ಲಾವಣಿಯಿಂದ ಬೆಳೆದ ಈ ಗೀಗೀ ಹಾಡಿಕೆಯಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಸಾಧಿಸಬೇಕು. ಇದರ ಹಿಂದಿರುವುದು ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬ ತುರಾಯಿ-ಕಲ್ಗಿ ಪಂಥಗಳ ಹಳೆಯ ತರ್ಕ. ಮಹಾರಾಷ್ಟ್ರದ ಲಾವಣಿಯಲ್ಲೂ ಅದೇ ಇದೆ. ದಪ್ಪು, ತುಂತುಣಿ, ತಾಳ ಹಿಡಿದು, ಹಿಂದಿನವರು 'ಗೀಯ ಗೀಯ' ಎಂದು ಸೊಲ್ಲು ಕೂಡಿಸುತ್ತಿದ್ದಂತೆ ಒಂದು ಮೇಳ ಸವಾಲು ಎಸೆಯುತ್ತದೆ, ಇನ್ನೊಂದು ಜವಾಬು ಕಟ್ಟುತ್ತದೆ. ಪುರಾಣ, ಸೃಷ್ಟಿ, ಸಂಸಾರ, ಸಾಲ, ಎಲ್ಲವೂ ಸಾಕ್ಷಿಗೆ ಬರುತ್ತವೆ. ಗಂಗೆಯನ್ನು ತಲೆ ಮೇಲೆ ಹೊತ್ತವನು ಶಿವ ಎಂದು ಒಬ್ಬರು ಹೆಚ್ಚುಗಾರಿಕೆ ಹೇಳಿದರೆ, ಹೊತ್ತವನು ಆಳೋ ಅರಸನೋ ಎಂದು ಇನ್ನೊಬ್ಬರು ಕೇಳಬಹುದು. ಇಂಡಿ ಸೀಮೆಯಲ್ಲಿ ಲಾವಣಿಗೆ ದೊಡ್ಡ ಪರಂಪರೆಯೇ ಇದೆ, ಹಲಸಂಗಿಯ ಖಾಜಾಭಾಯಿ ಅದರಲ್ಲಿ ಹೆಸರಾಂತ ಕವಿ. ಹಾಡುವವರು ಮೊದಲು ಹೆಚ್ಚಾಗಿ ಗಂಡಸರೇ ಇದ್ದರು, ಹೆಣ್ಣು ಹೆಚ್ಚೆಂಬ ವಾದವನ್ನೂ ಅವರೇ ಮಂಡಿಸುತ್ತಿದ್ದರು. ಬರಬರುತ್ತ ಹೆಣ್ಣುಮಕ್ಕಳೇ ದಪ್ಪು ಹಿಡಿದು ನಾಗೇಶಿ ಪಕ್ಷದ ಮುಂದಾಳಾದರು. ಜಾತ್ರೆಯ ಬಯಲಿನಲ್ಲಿ, ಸಾವಿರ ಕಣ್ಣುಗಳ ಮುಂದೆ, ಹೆಣ್ಣು ಗಂಡಿಗೆ ಸಮವೆಂದೂ ಅಲ್ಲ, ಮೇಲೆಂದೇ ಒಬ್ಬ ಹೆಂಗಸು ವಾದಿಸುವುದನ್ನು ರೈತಾಪಿ ಜನ ಚಪ್ಪಾಳೆ ತಟ್ಟಿ ಕೇಳುತ್ತಾರೆ. ಇಂಥ ಕಲೆ ಜಗತ್ತಿನಲ್ಲಿ ಎಲ್ಲೆಡೆ ಸಿಗುವುದಿಲ್ಲ.

ಈ ನೆಲದಲ್ಲಿ ಚುರುಕುಮಾತಿನ ಹೆಣ್ಣಿಗೆ ಗೌರವ ಸಿಕ್ಕಿದ್ದು ನಿನ್ನೆ ಮೊನ್ನೆಯಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲಿದೆ. ಪಕ್ಕದ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಬಗ್ಗೆ ಜನ ಹೇಳುವ ಕಥೆಯಲ್ಲಿ ಅವನು ಮರಳು ಬೆರೆಸಿದ ಅಕ್ಕಿ ಮತ್ತು ಕಬ್ಬು ಹಿಡಿದು ಹೆಣ್ಣು ಹುಡುಕುತ್ತ ಹೊರಡುತ್ತಾನೆ. ನೀರು, ಕಟ್ಟಿಗೆ ಬಳಸದೆ ಇಷ್ಟರಲ್ಲೇ ಪಾಯಸ ಮಾಡಿಕೊಡುವವಳನ್ನು ಮದುವೆಯಾಗುವೆ ಎಂಬುದು ಅವನ ಷರತ್ತು. ದುಗ್ಗಳೆ ಕಬ್ಬಿನ ರಸ ಹಿಂಡಿ ಅದರಲ್ಲೇ ಅಕ್ಕಿ ತೊಳೆದು ಮರಳು ಬೇರ್ಪಡಿಸಿ, ಸಿಪ್ಪೆಯನ್ನೇ ಉರಿಸಿ ಪಾಯಸ ಮಾಡಿ ಮುಂದಿಟ್ಟಳು. ಪರೀಕ್ಷೆ ಒಡ್ಡಿದವನು ಅವಳ ಬುದ್ಧಿಗೆ ಸೋತ. ಕಲ್ಯಾಣದ ಶರಣೆಯರಲ್ಲಿ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದವಳು. ಅವಳ ಮಾತು ವಚನವಾಗಿ ಉಳಿಯಿತು. ಹೆಂಡತಿ ಗಂಡನನ್ನು ತಿದ್ದಬಹುದು, ಅದು ಒಲವಿನ ಒಂದು ಬಗೆ ಎಂಬ ತಿಳಿವಳಿಕೆ ಈ ಭಾಗದಲ್ಲಿ ಎಂಟು ಶತಮಾನ ಹಳೆಯದು.

ಕಾನೂನು, ಕಟ್ಟಳೆಗಳ ಲೆಕ್ಕದಲ್ಲಿ ನೋಡಿದರೂ ಹೋಲಿಕೆ ಕುತೂಹಲದ್ದು. ರೀಜೆನ್ಸಿ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ, ಗಳಿಕೆ ಗಂಡನ ವಶಕ್ಕೆ ಹೋಗುತ್ತಿದ್ದವು. ಅದು ಬದಲಾಗಲು 1870 ಮತ್ತು 1882ರ ಕಾಯಿದೆಗಳು ಬರಬೇಕಾಯಿತು. 1857ರ ಕಾಯಿದೆಗೆ ಮುಂಚೆ ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಬೇಕಿತ್ತು. ಅದೇ ಹೊತ್ತಿಗೆ ವಿಜಯಪುರ ಸೀಮೆಯ ಹಲವು ದುಡಿಯುವ ಸಮುದಾಯಗಳಲ್ಲಿ ವಿಧವೆಗೂ ಗಂಡನನ್ನು ಬಿಟ್ಟವಳಿಗೂ ಉಡಿಕೆ ಎಂಬ ಮರುಮದುವೆಯ ದಾರಿ ಇತ್ತು. ಹೆಣ್ಣಿನ ತಂದೆಗೆ ಗಂಡಿನವರೇ ತೆರ ಕೊಡುವ ರೂಢಿಯೂ ಹಲವರಲ್ಲಿತ್ತು, ವರದಕ್ಷಿಣೆ ಆಮೇಲೆ ಹಬ್ಬಿದ ಪಿಡುಗು. ಉಡಿಕೆಯಾದವಳಿಗೆ ಮೊದಲ ಮದುವೆಯವಳಷ್ಟು ಮಾನ ಸಿಗುತ್ತಿರಲಿಲ್ಲ, ಶುಭಕಾರ್ಯದಲ್ಲಿ ಅವಳನ್ನು ಹಿಂದೆ ಸರಿಸುತ್ತಿದ್ದರು ಎಂಬುದನ್ನೂ ಮರೆಯಬಾರದು. ಆದರೂ ಹೊಲದಲ್ಲಿ ಗಂಡಿನ ಸರಿಸಮ ದುಡಿದು, ಬೇಕಾದರೆ ಇನ್ನೊಂದು ಮನೆ ಕಟ್ಟಿಕೊಳ್ಳಬಲ್ಲ ಹೆಣ್ಣಿನ ಮಾತಿಗೆ ತೂಕ ಇದ್ದೇ ಇರುತ್ತದೆ. ಹಾಡುಗಳ ಎದೆಗಾರಿಕೆಗೆ ದುಡಿಮೆಯ ಈ ಬಲವೂ ಕಾರಣ.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಅದರೊಂದಿಗೆ ನಸುಕಿನ ಹಾಡಿಗೂ ಹೊತ್ತಿಲ್ಲದಾಯಿತು. ನಸುಕಿನ ದುಡಿತ ತಪ್ಪಿದ್ದು ಹೆಣ್ಣುಮಕ್ಕಳಿಗೆ ದೊಡ್ಡ ಬಿಡುಗಡೆಯೇ. ಆದರೆ ಹಾಡಿಗೆ ಬದಲಿ ಜಾಗ ಯಾರೂ ಕೊಡಲಿಲ್ಲ. ಗರತಿಯ ಹಾಡುಗಳು ಈಗ ಹೆಚ್ಚಾಗಿ ಪಠ್ಯಪುಸ್ತಕ, ಆಕಾಶವಾಣಿ, ಸ್ಪರ್ಧೆಯ ವೇದಿಕೆಗಳಲ್ಲಿವೆ. 2003ರಲ್ಲಿ ವಿಜಯಪುರದಲ್ಲಿ ಆರಂಭವಾದ, ಈಗ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯಕ್ಕೆ ಈ ಹಾಡುಗಾರ್ತಿಯರ ಮೊಮ್ಮಕ್ಕಳೇ ಓದಲು ಬರುತ್ತಾರೆ. ಹಲಸಂಗಿಯವರು ಬಿಟ್ಟ ಕೆಲಸವನ್ನು, ಈ ಸಲ ಹಾಡಿದವರ ಹೆಸರನ್ನೂ ಬರೆದುಕೊಂಡು, ಮುಂದುವರಿಸಲು ಅವರಿಗಿಂತ ತಕ್ಕವರಿಲ್ಲ. ಒಡಪು ಮಾತ್ರ ಯಾರ ಆಸರೆಯನ್ನೂ ಬೇಡದೆ ಬೆಳೆಯುತ್ತಿದೆ. ಆಲಮಟ್ಟಿಯ ನೀರು, ಬೆಂಗಳೂರಿನ ಬಸ್ಸು, ಮೊಬೈಲಿನ ರಿಂಗು, ಪಡೆದ ಪದವಿ ಎಲ್ಲ ಅದರೊಳಗೆ ಬಂದಿವೆ. ಮದುವೆಗೆ ಮುಂಚೆ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡ ಹುಡುಗಿಯರು, ಹೊರಗೆ ಗಂಡನನ್ನು ಹೆಸರು ಹಿಡಿದೇ ಕರೆಯುವವರು ಕೂಡ ಭೂಮದ ಊಟದಲ್ಲಿ ಪ್ರಾಸ ಹುಡುಕುತ್ತಾರೆ. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಬರಿಯ ಹೆಸರನ್ನು ಈಗಲೂ ಒಪ್ಪುವುದಿಲ್ಲ.